ನಾಲ್ಕನೆಯ ದಾರಿಯ ಹಳದಿ ಚುಕ್ಕಿಗಳು

ಅವಳ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಿಂದ ಇಪ್ಪತ್ತಾರು ವರ್ಷಗಳಲ್ಲಿ ಹಳದಿ ಬಣ್ಣ ಪೂರ್ತಿ ಹೋದದ್ದೇ ಇಲ್ಲ. ಸೀಮೆಎಣ್ಣೆ ಹಚ್ಚಿ ಉಜ್ಜುತ್ತಾಳೆ, ಸೋಪು ಹಾಕಿ ತಿಕ್ಕುತ್ತಾಳೆ, ಗಂಡನ ಅಂಗಡಿಯಿಂದ ದಪ್ಪ ಸೂಜಿ ತಂದು ಕೆದಕುತ್ತಾಳೆ. ಒಂದು ಗೆರೆಯಷ್ಟು ಉಳಿದೇ ಉಳಿಯುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ಸಾಕು, ಮುಖ ನೋಡದವರೂ ಆ ಬೆರಳು ನೋಡಿ ಚುಕ್ಕಿಯಮ್ಮ ಹತ್ತಿದ್ದಾಳೆ ಎಂದು ಸ್ವಲ್ಪ ಸರಿದು ಜಾಗ ಕೊಡುತ್ತಾರೆ.

ಚುಕ್ಕಿಯಮ್ಮ ಎಂಬುದು ಅವಳಿಗೆ ಕೆಲಸ ಕೊಟ್ಟ ಹೆಸರು. ಬೆಟ್ಟದ ಬುಡದಲ್ಲಿರುವ ಆ ಊರಿನಿಂದ ರಾಷ್ಟ್ರೀಯ ಅರಣ್ಯದೊಳಕ್ಕೆ ಐದು ಕಾಲುದಾರಿಗಳು ಹೊರಡುತ್ತವೆ. ಐದರಲ್ಲೂ ಮರದ ಮೇಲೆ, ಬಂಡೆಯ ಮೇಲೆ, ಅಂಗೈಯಗಲದ ಹಳದಿ ಚುಕ್ಕಿಗಳಿವೆ. ಆ ಚುಕ್ಕಿಗಳನ್ನು ಇಡುವುದು, ಮಾಸಿದರೆ ಮತ್ತೆ ಬಳಿಯುವುದು, ಬಿದ್ದ ಮರದ ಚುಕ್ಕಿಯನ್ನು ನಿಂತ ಮರಕ್ಕೆ ಸಾಗಿಸುವುದು ಅವಳ ಕೆಲಸ. ಸೊಂಟಕ್ಕೆ ಕಟ್ಟಿದ ಬಣ್ಣದ ಡಬ್ಬಿ, ಕೂದಲು ಮೊಂಡಾಗಿ ಕತ್ತರಿಸಿದ ಬ್ರಷ್ಷು, ಪಾಚಿ ಕೆರೆಯಲು ತಂತಿಯ ಬ್ರಷ್ಷು, ನಡುವೆ ದುಂಡಗೆ ಕತ್ತರಿಸಿದ ಒಂದು ತಗಡು. ಇಷ್ಟೇ ಅವಳ ಸಾಮಾನು. ತಗಡನ್ನು ಮರಕ್ಕೆ ಒತ್ತಿ ಹಿಡಿದು ಬ್ರಷ್ಷು ಆಡಿಸಿದರೆ ಚುಕ್ಕಿ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಹೂಂ ಎಂದುಕೊಂಡು ಮುಂದಿನ ಮರ.

ಒಂದು ಚುಕ್ಕಿಯ ಬಳಿ ನಿಂತರೆ ಮುಂದಿನ ಚುಕ್ಕಿ ಕಾಣಬೇಕು. ತಿರುವಿದ್ದರೆ ಒಂದರ ಕೆಳಗೊಂದು ಎರಡು ಚುಕ್ಕಿ ಇರಬೇಕು. ಅವಳಿಗೆ ಈ ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟದ್ದು ಈ ಎರಡೇ ಮಾತು. ಆಗ ಅವಳು ಅರಣ್ಯ ಇಲಾಖೆಯ ಅತಿಥಿಗೃಹದಲ್ಲಿ ಕಸ ಗುಡಿಸುತ್ತಿದ್ದಳು. ಮುದುಕನ ಕೈ ನಡುಗಲು ಶುರುವಾಗಿ ಚುಕ್ಕಿಗಳು ಮೊಟ್ಟೆಯಾಕಾರಕ್ಕೆ ಇಳಿದಾಗ ಡಬ್ಬಿ ಹೊರಲು ಜೊತೆಗೊಬ್ಬರು ಬೇಕಾದರು. ಒಂದು ವಾರಕ್ಕೆಂದು ಹೋದವಳು ಮತ್ತೆ ಪೊರಕೆ ಹಿಡಿಯಲಿಲ್ಲ. ಅವಳು ಗಿಡ್ಡ. ಅವಳ ಕಣ್ಣಿನ ಮಟ್ಟಕ್ಕಿಟ್ಟ ಚುಕ್ಕಿ ಉಳಿದವರ ಎದೆಯ ಮಟ್ಟಕ್ಕೆ ಬರುತ್ತದೆ. ಅದರಿಂದಾಗಿ ಆ ಬೆಟ್ಟದಲ್ಲಿ ಚುಕ್ಕಿಗಳನ್ನು ಮೊದಲು ಕಂಡುಹಿಡಿಯುವವರು ಯಾವಾಗಲೂ ಮಕ್ಕಳು; ಅಪ್ಪ ಅಮ್ಮಂದಿರು ಅವರ ಹಿಂದೆ ಏದುಸಿರು ಬಿಡುತ್ತ ಬರುತ್ತಾರೆ.

ಐದು ದಾರಿಗಳಲ್ಲಿ ನಾಲ್ಕು ಅವಳು ಬರುವ ಮೊದಲೇ ಇದ್ದವು. ಅವು ಹೊರಟಲ್ಲಿಗೇ ಸುತ್ತಿ ಬರುವ ದಾರಿಗಳು. ನಾಲ್ಕನೆಯ ನಂಬರಿನದು ಮಾತ್ರ ಅವಳದು. ಜಿಂಕೆಗಳು ನೀರಿಗೆ ಇಳಿಯುವ ಸಣ್ಣ ಜಾಡನ್ನು ಹಿಡಿದು ಮೂರು ಬೇಸಿಗೆ ಅಲೆದು, ಒಂದು ಒರತೆಯನ್ನೂ ಅದರ ಮೇಲಿನ ಹುಲ್ಲಿನ ಬಯಲನ್ನೂ ಕಂಡುಕೊಂಡು, ಅಲ್ಲಿಂದ ಬೆಟ್ಟದ ನೆತ್ತಿಗೆ ಹೋಗುವ ಹಾದಿ ಹುಡುಕಿದವಳು ಅವಳು. ಹನ್ನೊಂದು ಕಿಲೋಮೀಟರು, ನಾನೂರ ಹನ್ನೆರಡು ಚುಕ್ಕಿ. ಅಂದಿನ ಅಧಿಕಾರಿ ಮೊದಲು ನಕ್ಕು, ಆಮೇಲೆ ನಡೆದು, ಕೊನೆಗೆ ಗೋಡೆಯ ನಕ್ಷೆಯಲ್ಲಿ ತಾವೇ ಗೆರೆ ಎಳೆದಿದ್ದರು. ಖಾಲಿಯಿದ್ದ ನಾಲ್ಕನೆಯ ನಂಬರು ಅದಕ್ಕೆ ಸಿಕ್ಕಿತು. ಅದೊಂದೇ ಸುತ್ತಿ ಬರದ ದಾರಿ. ಕೆಳಗಿನಿಂದ ಹತ್ತಿ ನೆತ್ತಿ ಮುಟ್ಟಿದರೆ ಅಲ್ಲಿ ಡಾಂಬರು ರಸ್ತೆ. ಆಚೆ ಕಣಿವೆಯಿಂದ ಬರುವ ಸಂಜೆಯ ಬಸ್ಸು ಹಿಡಿದು ಎಲ್ಲರೂ ಊರಿಗಿಳಿಯುತ್ತಿದ್ದರು.

ಎಲ್ಲರೂ ಎಂದರೆ, ಅವಳ ಗಂಡನೊಬ್ಬನನ್ನು ಬಿಟ್ಟು.

ಅವನು ಚೀಲದ ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ, ಮೇಲಿನ ಮಹಡಿಯಲ್ಲಿ ಮನೆ. ಚಾರಣಿಗರ ಬೆನ್ನುಚೀಲ ಹರಿದರೆ, ಬಕಲ್ಲು ಮುರಿದರೆ, ಜಿಪ್ಪು ಬಾಯಿ ಬಿಟ್ಟರೆ ಅವನಲ್ಲಿಗೆ ಬರುತ್ತಾರೆ. ಕಪಾಟಿನ ತುಂಬ ಗಾಜಿನ ಭರಣಿಗಳು. ಒಂದರಲ್ಲಿ ಕಪ್ಪು ಗುಂಡಿ, ಒಂದರಲ್ಲಿ ಹಿತ್ತಾಳೆಯ ಕೊಕ್ಕೆ, ಒಂದರಲ್ಲಿ ಯಾವ ಚೀಲಕ್ಕೂ ಹೊಂದದೆ ಉಳಿದ ಬಣ್ಣಬಣ್ಣದ ಗುಂಡಿಗಳು. ಇಪ್ಪತ್ತಾರು ವರ್ಷದಿಂದ ಬೆಟ್ಟ ಹತ್ತಿ ಬಂದವರ ಚೀಲ ಹೊಲಿದವನು ಒಮ್ಮೆಯೂ ಬೆಟ್ಟ ಹತ್ತಿರಲಿಲ್ಲ. ಮೆಟ್ಟಿಲು ಹತ್ತಿ ಮನೆಗೆ ಊಟಕ್ಕೆ ಬರುವುದೇ ಅವನಿಗೆ ಸಾಹಸ. ಹೆಂಡತಿ ಕರೆದಾಗಲೆಲ್ಲ ಅವನದೊಂದು ಮಾತು ಸಿದ್ಧವಿರುತ್ತಿತ್ತು.

"ಹತ್ತೋದು ನನ್ನ ಕೈಲಾಗಲ್ಲ ಕಣೆ. ಬರೀ ಇಳಿಯೋ ದಾರಿ ಒಂದಿದ್ರೆ ಹೇಳು, ಚಪ್ಪಲಿ ಮೆಟ್ಟಿ ಬಂದ್ಬಿಡ್ತೀನಿ."

ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ವಲಯ ಕಚೇರಿಯಿಂದ ಚುಕ್ಕಿಯಮ್ಮನಿಗೆ ಕರೆ ಬಂತು. ಹೊಸ ಅಧಿಕಾರಿ ಮೇಡಂ ಬಂದು ಎರಡು ತಿಂಗಳಾಗಿತ್ತು. ಮಾತು ಕಡಿಮೆ, ಗಡಿಯಾರ ನೋಡುವುದು ಹೆಚ್ಚು. ಗೋಡೆಯ ನಕ್ಷೆಯಲ್ಲಿ ನಾಲ್ಕನೆಯ ದಾರಿಯ ಮೇಲೆ ಕೆಂಪು ಪೆನ್ಸಿಲ್ಲಿನಿಂದ ಮೂರು ಕಡೆ ಗುರುತು ಹಾಕಿದ್ದರು. ಈ ಬೇಸಿಗೆಯಲ್ಲಿ ಮೂರು ಗುಂಪು ಆ ದಾರಿಯಲ್ಲಿ ತಪ್ಪಿಸಿಕೊಂಡಿದ್ದವು. ಯಾರಿಗೂ ಪೆಟ್ಟಾಗಿರಲಿಲ್ಲ. ಒಂದು ಗುಂಪಂತೂ ಆಚೆ ಇಳಿಜಾರಿನ ಕುರಿದೊಡ್ಡಿ ಸೇರಿ, ಕುರಿಯವರ ಮನೆಯಲ್ಲಿ ರೊಟ್ಟಿ ತಿಂದು, ಫೋಟೊ ತೆಗೆಸಿಕೊಂಡು ಬಂದಿತ್ತು. ಆದರೆ ಮೂರೂ ಗುಂಪಿನವರು ಹೇಳಿದ್ದು ಒಂದೇ ಮಾತು: ಚುಕ್ಕಿಗಳೇ ಕಾಣಲಿಲ್ಲ. ತಿಂಗಳ ಕೊನೆಗೆ ದಾರಿ ಮುಚ್ಚಿಬಿಡುವುದು ಮೇಲು ಎಂದು ಮೇಡಂ ತೀರ್ಮಾನಿಸಿದ್ದರು.

ಚುಕ್ಕಿಯಮ್ಮನ ಕಿವಿ ಬಿಸಿಯಾಯಿತು. ಕಣ್ಣು ಮುಚ್ಚಿಕೊಂಡು ನಡೆದರೆ ಸೂರ್ಯನೂ ಕಾಣುವುದಿಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಹದಿನೈದು ದಿನ ಕೊಡಿ ಎಂದು ಮಾತ್ರ ಕೇಳಿದಳು.

ಮೇಡಂ ಕ್ಯಾಲೆಂಡರು ನೋಡಿದರು. "ಹದಿನೈದು ದಿನ. ಆಮೇಲೆ ನಾನೇ ನಡೆದು ನೋಡ್ತೀನಿ. ನಾನೂ ದಾರಿ ತಪ್ಪಿದ್ರೆ ಮಾತ್ರ ಮತ್ತೆ ಕೇಳಬೇಡಿ, ಅಮ್ಮ."

ಮರುದಿನವೇ ಅವಳು ಡಬ್ಬಿ ಕಟ್ಟಿಕೊಂಡು ಹತ್ತಿದಳು. ನಾನೂರ ಹನ್ನೆರಡನ್ನೂ ಒಂದೊಂದಾಗಿ ಎಣಿಸಿದಳು. ಎಲ್ಲವೂ ಇದ್ದವು. ಬೆಳಗಿನ ಬಿಸಿಲಿಗೆ ಮೊಟ್ಟೆಯೊಳಗಿನ ಹಳದಿಯ ಹಾಗೆ ಹೊಳೆಯುತ್ತಿದ್ದವು. ಮಾಸಿದ್ದು ಹನ್ನೊಂದು, ಅವಕ್ಕೂ ಹೊಸ ಬಣ್ಣ ಬಳಿದಳು. ನೆತ್ತಿಯಲ್ಲಿ ಕೂತು ತಂದಿದ್ದ ಬುತ್ತಿ ತಿಂದು, ಸಿಟ್ಟಿನಲ್ಲೇ ಇಳಿದುಬಂದಳು. ಅವಳ ಪಾದಗಳಿಗೆ ಆ ದಾರಿ ಮನೆಯ ಮೆಟ್ಟಿಲಿನಷ್ಟೇ ಗೊತ್ತಿತ್ತು. ಇಳಿಯುವಾಗ ತಲೆ ಎತ್ತಿ ನೋಡುವ ಅಗತ್ಯವೇ ಬೀಳಲಿಲ್ಲ. ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ಹತ್ತಿ ಎಣಿಸಿದಳು. ಮತ್ತೆ ನಾನೂರ ಹನ್ನೆರಡು. ಐದು ದಿನ ಹೀಗೇ ಕಳೆಯಿತು. ಆರನೆಯ ದಿನ ಅವಳು ಅಡುಗೆಮನೆಯ ಕಿಟಕಿಯಿಂದ ಬೆಟ್ಟ ನೋಡುತ್ತ ನಿಂತಿದ್ದಾಗ ಸಾರು ಉಕ್ಕಿ ಒಲೆ ಆರಿತು.

ಗಂಡ ಊಟಕ್ಕೆ ಬಂದವನು ಒಲೆ ನೋಡಿದ, ಅವಳ ಮುಖ ನೋಡಿದ. ಅವಳೇ ಹೇಳಿದಳು.

"ರೀ, ಆ ದಾರಿ ಮುಚ್ಚೋಕೆ ಮುಂಚೆ ನೀವು ಒಂದ್ಸಲ ನೋಡ್ಬೇಕಿತ್ತು. ಅಷ್ಟೇ ನನ್ನ ಆಸೆ."

ಅವನು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. ಎಂದಿನ ಮಾತು ಬಾಯಿಗೆ ಬಂತು. ಹೇಳಲು ಹೊರಟವನು ಅರ್ಧದಲ್ಲೇ ತಡೆದುಕೊಂಡ. ಅವನಿಗೆ ಬಸ್ಸಿನ ನೆನಪಾಯಿತು. ಅಂಗಡಿಯೆದುರು ದಿನವೂ ಹಾದುಹೋಗುವ ಬಸ್ಸು. ಹೋದ ವರ್ಷ ಅದರ ಸಮಯ ತಲೆಕೆಳಗಾಗಿತ್ತು: ಸಂಜೆ ನೆತ್ತಿಯಿಂದ ಊರಿಗೆ ಬರುತ್ತಿದ್ದ ಬಸ್ಸು ಈಗ ಬೆಳಿಗ್ಗೆ ಊರಿನಿಂದ ನೆತ್ತಿಗೆ ಹೋಗಿ ಆಚೆ ಕಣಿವೆಗೆ ಇಳಿಯುತ್ತಿತ್ತು. ಸಂಜೆಗೆ ಬಸ್ಸೇ ಇಲ್ಲ.

"ಅಲ್ಲ ಕಣೆ, ಈಗ ಬಸ್ಸು ಬೆಳಿಗ್ಗೆ ಮೇಲಕ್ಕೆ ಹೋಗುತ್ತಲ್ಲ" ಎಂದ. "ಹಾಗಾದ್ರೆ ಇಳಿಯೋ ದಾರಿ ಸಿಕ್ಕಿದ ಹಾಗಾಯ್ತು. ನನ್ನ ನೆವ ಹೋಯ್ತಲ್ಲೇ."

ಮರುದಿನ ಬೆಳಿಗ್ಗೆ ಬಸ್ಸಿನ ಕಂಡಕ್ಟರು ದರ್ಜಿಯನ್ನು ನೋಡಿ ಎರಡು ಸಲ ಕಣ್ಣು ಹೊಸಕಿಕೊಂಡ. ಯಾರ ಚೀಲ ಮರೆತು ಹೋಗಿದೆ, ಕೊಡೋಕೆ ಹೊರಟಿರಾ ಎಂದು ಕೇಳಿದ. ದರ್ಜಿ ಗಂಭೀರವಾಗಿ, ಹೆಂಡತಿಯ ಕಚೇರಿ ನೋಡಲು ಹೊರಟಿದ್ದೇನೆ ಎಂದ. ಇಡೀ ಬಸ್ಸು ನಕ್ಕಿತು. ಚುಕ್ಕಿಯಮ್ಮ ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಳು. ಆರು ದಿನಗಳಲ್ಲಿ ಅವಳಿಗೆ ನಗು ಬಂದದ್ದು ಅದೇ ಮೊದಲು.

ನೆತ್ತಿಯಲ್ಲಿ ಇಳಿದಾಗ ಮೋಡವೊಂದು ಕಾಲಿನ ಕೆಳಗಿತ್ತು. ಅವನು ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ತುಂಬ ಹೊತ್ತು ನಿಂತ. ಊರು ಎಲ್ಲಿ ಎಂದು ಕೇಳಿದ. ಅವಳು ತೋರಿಸಿದಳು. ನಮ್ಮ ಮನೆ ಎಲ್ಲಿ ಎಂದು ಕೇಳಿದ. ಅದು ಕಾಣುವುದಿಲ್ಲ ಎಂದಳು. ಮನೆಯ ಕಿಟಕಿಯಿಂದ ಇದು ಕಾಣುತ್ತದಲ್ಲ, ಮತ್ತೆ ಇಲ್ಲಿಂದ ಅದು ಯಾಕೆ ಕಾಣಬಾರದು ಎಂದು ಅವನು ಕಣ್ಣು ಕಿರಿದು ಮಾಡಿ ಹುಡುಕಿಯೇ ಹುಡುಕಿದ.

ಹೊರಡುವಾಗ ಅವಳು ಮುಂದೆ ಹೆಜ್ಜೆ ಇಟ್ಟಳು. ಅವನು ಅವಳ ಭುಜ ಹಿಡಿದು ನಿಲ್ಲಿಸಿದ.

"ನೀನು ಮುಂದೆ ಹೋದ್ರೆ ನಿನ್ನ ಬೆನ್ನೊಂದೇ ಕಾಣುತ್ತೆ. ನಾನು ನಿನ್ನ ಚುಕ್ಕಿ ನೋಡೋಕೆ ಬಂದೋನು. ನಾನೇ ಮುಂದೆ. ನೀನು ಬಾಯಿ ಮುಚ್ಕೊಂಡು ಹಿಂದೆ ಬಾ."

ಅವಳು ಬಾಯಿ ಮುಚ್ಚಿಕೊಂಡು ಹಿಂದೆ ನಡೆದಳು. ಮೊದಲ ಅರ್ಧ ಗಂಟೆ ದಾರಿ ಹುಲ್ಲಿನ ನಡುವೆ ಒಂದೇ ಗೆರೆಯಾಗಿ ಇಳಿಯುತ್ತದೆ, ಕುರುಡನಾದರೂ ತಪ್ಪಲಾರ. ಅವನು ಶಿಳ್ಳೆ ಹಾಕುತ್ತ ನಡೆದ. ಮರಗಳು ಶುರುವಾದಲ್ಲಿ ಶಿಳ್ಳೆ ನಿಂತಿತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಒಂದು ಮರದ ಹತ್ತಿರ ಹೋಗಿ ತೊಗಟೆ ಮುಟ್ಟಿದ.

"ಎಲ್ಲೇ ನಿನ್ನ ಚುಕ್ಕಿ?"

ಅವಳು ಅದನ್ನು ತಮಾಷೆ ಎಂದುಕೊಂಡಳು. ಜೀವಮಾನವೆಲ್ಲ ತಮಾಷೆ ಮಾಡಿದವನು ಇವತ್ತೊಂದು ದಿನ ಬಿಟ್ಟಾನೆಯೆ? ಅವನು ಹತ್ತು ಹೆಜ್ಜೆ ಬಲಕ್ಕೆ ಹೋದ, ಅಗಲವಾದ ಒಂದು ಜಾಡು ಸಿಕ್ಕಿತೆಂದು ಖುಷಿಯಿಂದ ಅದನ್ನೇ ಹಿಡಿದ. ಅದು ಕುರಿದೊಡ್ಡಿಗೆ ಹೋಗುವ ಜಾಡು. ತಡೆಯಲು ಎತ್ತಿದ ಕೈಯನ್ನು ಇಳಿಸಿ ಅವಳು ಅವನ ಹಿಂದೆಯೇ ನಡೆದಳು. ಅವನಿಗೇ ಯಾಕೋ ಅನುಮಾನ ಬಂದು ನಿಂತ. ಹೆಂಡತಿಯನ್ನು ಬಯ್ಯಲೆಂದು ತಿರುಗಿದ. ತಿರುಗಿದವನು ಅವಳನ್ನು ನೋಡಲಿಲ್ಲ. ಅವಳ ತಲೆಯ ಮೇಲಿಂದ ಆಚೆ ನೋಡಿದ. ಅವನ ಹುಬ್ಬು ಮೇಲೇರಿತು.

"ಓಹೋ. ಇಲ್ಲಿದೆ. ನಿನ್ನ ಹಿಂದೆ ಇದೆ."

ಅವಳು ತಿರುಗಿದಳು. ಅವರು ಈಗಷ್ಟೇ ದಾಟಿ ಬಂದ ಮರದ ಕೆಳಮುಖದಲ್ಲಿ ದುಂಡನೆಯ ಹಳದಿ ಚುಕ್ಕಿ ನಗುತ್ತಿತ್ತು. ಅದರ ಹಿಂದಿನ ಮರದಲ್ಲಿ ಇನ್ನೊಂದು. ಅದರ ಹಿಂದೆ ಮತ್ತೊಂದು. ಎಲ್ಲವೂ ಬೆಟ್ಟದ ಬುಡದಿಂದ ಹತ್ತಿ ಬರುವವರ ಕಡೆ ಮುಖ ಮಾಡಿ ನಿಂತಿದ್ದವು. ಇಳಿಯುವವರಿಗೆ ಇಡೀ ಕಾಡಿನಲ್ಲಿ ಮರಗಳ ಬೆನ್ನಲ್ಲದೆ ಬೇರೇನೂ ಇರಲಿಲ್ಲ.

ಚುಕ್ಕಿಯಮ್ಮ ಅಲ್ಲೇ ಒಂದು ಬೇರಿನ ಮೇಲೆ ಕೂತುಬಿಟ್ಟಳು. ಬಸ್ಸು ಬದಲಾದದ್ದು ಅವಳಿಗೆ ಗೊತ್ತಿತ್ತು. ಜನ ಈಗ ಮೇಲಿನಿಂದ ಇಳಿಯುತ್ತಾರೆ ಎಂಬುದೂ ಗೊತ್ತಿತ್ತು. ಆದರೆ ಹತ್ತುತ್ತಲೇ ಬಣ್ಣ ಬಳಿದ ಕೈ, ಹತ್ತುತ್ತಲೇ ಎಣಿಸಿದ ಕಣ್ಣು. ಹನ್ನೊಂದು ಕಿಲೋಮೀಟರು ಎರಡು ಸಲ ಎಣಿಸಿಯೂ ಅವಳು ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ.

ದರ್ಜಿ ಪಕ್ಕದಲ್ಲಿ ಕೂತ. "ನೋಡು, ಚೀಲದ ಹೊಲಿಗೇನ ನಾನು ಒಳಗಿಂದಾನೂ ನೋಡ್ತೀನಿ, ಹೊರಗಿಂದಾನೂ ನೋಡ್ತೀನಿ. ನೀನು ಇಷ್ಟು ದೊಡ್ಡ ಬೆಟ್ಟಾನ ಒಂದೇ ಕಡೆಯಿಂದ ಹೊಲಿದಿಟ್ಟಿದ್ದೀಯ."

ಅವಳಿಗೆ ಅಳು ಬರುತ್ತದೆ ಎಂದುಕೊಂಡಿದ್ದ. ಅವಳು ನಗಲು ಶುರುಮಾಡಿದಳು. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ತಪ್ಪು ತನ್ನದೇ ಎಂದು ಗೊತ್ತಾದಾಗ ಇಷ್ಟು ಹಗುರವಾಗುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಚುಕ್ಕಿಗಳು ಇದ್ದವು, ನಡೆದವರೂ ಸುಳ್ಳು ಹೇಳಿರಲಿಲ್ಲ. ಉಳಿದದ್ದು ಎಂಟು ದಿನ, ಒಂದು ಬೆಟ್ಟ, ಸಾಕಷ್ಟು ಬಣ್ಣ.

ಅಂಗಡಿಯ ಬಾಗಿಲಿಗೆ ದರ್ಜಿ ಒಂದು ರಟ್ಟು ತೂಗುಹಾಕಿದ: ಒಂದು ವಾರ ಅಂಗಡಿ ಇಲ್ಲ, ಹರಿದ ಚೀಲದವರು ಸದ್ಯಕ್ಕೆ ಪಿನ್ನು ಚುಚ್ಚಿಕೊಳ್ಳಿ.

ಅದೇ ಮರಗಳ ಬೆನ್ನಿಗೆ ಬಣ್ಣ ಬಳಿದರೆ ಮುಗಿಯಿತು ಎಂದು ಅವನು ತಿಳಿದಿದ್ದ. ಹಾಗಿರಲಿಲ್ಲ. ಹತ್ತುವಾಗ ಎದುರಾಗುವ ಮರ ಇಳಿಯುವಾಗ ಪೊದೆಯ ಹಿಂದೆ ಅಡಗಿರುತ್ತದೆ. ಹತ್ತುವವನು ಮುಖ ಮೇಲೆತ್ತುತ್ತಾನೆ, ಇಳಿಯುವವನ ಕಣ್ಣು ತನ್ನ ಕಾಲಿನ ಮೇಲಿರುತ್ತದೆ. ಅದಕ್ಕಾಗಿ ಕೆಲವು ಚುಕ್ಕಿಗಳನ್ನು ಮೊಣಕಾಲಿನ ಮಟ್ಟಕ್ಕೆ, ಕೆಲವನ್ನು ಬಂಡೆಯ ನೆತ್ತಿಗೆ ಇಡಬೇಕಾಯಿತು. ಚುಕ್ಕಿಯಮ್ಮನಿಗೆ ಒಂದು ತೊಂದರೆಯಿತ್ತು: ಯಾವ ತಿರುವಿನಲ್ಲಿ ನಿಂತರೂ ಅವಳಿಗೆ ದಾರಿ ಗೊತ್ತಿತ್ತು. ಗೊತ್ತಿಲ್ಲದವನ ಕಣ್ಣು ಎತ್ತ ಹೋಗುತ್ತದೆ ಎಂದು ಹೇಳಲು ಗೊತ್ತಿಲ್ಲದವನೇ ಬೇಕು. ಆ ಕೆಲಸಕ್ಕೆ ಅವಳ ಗಂಡನಷ್ಟು ಯೋಗ್ಯ ಇನ್ನೊಬ್ಬನಿರಲಿಲ್ಲ.

ದಿನವೂ ಬೆಳಗಿನ ಬಸ್ಸು. ಮೇಲಿನಿಂದ ಇಳಿದು, ಹಿಂದಿನ ದಿನ ನಿಲ್ಲಿಸಿದಲ್ಲಿಗೆ ಬಂದರೆ ಅವನು ಮುಂದೆ. ಕವಲಿನಲ್ಲಿ ನಿಂತು, ಕತ್ತು ಹೊರಳಿಸಿ, ತನಗೆ ಸರಿಯೆನಿಸಿದ ಕಡೆ ನಡೆಯುತ್ತಿದ್ದ. ಅವನು ಎಲ್ಲಿ ತಪ್ಪಿದನೋ ಅಲ್ಲೊಂದು ಚುಕ್ಕಿ. ಅವನು ತಪ್ಪುವುದರಲ್ಲಿ ಪಳಗಿದ. ಒಮ್ಮೆ ತೊರೆಯನ್ನೇ ದಾರಿಯೆಂದು ತಿಳಿದು ಮೊಣಕಾಲುದ್ದ ನೀರಿಗಿಳಿದು, ಇಷ್ಟು ತಣ್ಣಗಿನ ದಾರಿ ಬಿಟ್ಟು ಬೇರೆ ದಾರಿ ಯಾಕೆ ಬೇಕು ಎಂದು ವಾದಿಸಿದ. ಅವಳು ತಂತಿಯ ಬ್ರಷ್ಷಿನಿಂದ ಪಾಚಿ ಕೆರೆಯುವಾಗ ಅವನು ತಗಡು ಹಿಡಿಯುತ್ತಿದ್ದ. ಮಧ್ಯಾಹ್ನ ಒರತೆಯ ಬಳಿ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು. ಮರಕುಟಿಗವೊಂದು ಎಲ್ಲೋ ಟಕಟಕ ಎನ್ನುತ್ತಿತ್ತು. ಯಾರೋ ನನ್ನ ಮಿಷನ್ನು ಓಡಿಸ್ತಿದ್ದಾರೆ ಎಂದು ಅವನು ಕಿವಿಗೊಟ್ಟು ಕೇಳುತ್ತಿದ್ದ. ಮದುವೆಯಾದ ಹೊಸದರಲ್ಲೂ ಅವರು ಹೀಗೆ ದಿನವಿಡೀ ಜೊತೆಗಿದ್ದದ್ದು ನೆನಪಿಲ್ಲ. ಅವನಿಗೆ ಅಂಗಡಿಯಿತ್ತು, ಅವಳಿಗೆ ಬೆಟ್ಟವಿತ್ತು.

ಆರನೆಯ ದಿನ, ಒರತೆಯ ಕೆಳಗಿನ ದೊಡ್ಡ ತಿರುವಿನಲ್ಲಿ, ಒಂದು ಚುಕ್ಕಿ ನಾನಿಡುತ್ತೇನೆ ಎಂದು ಅವನು ಬ್ರಷ್ಷು ಕೇಳಿದ. ತಗಡು ಬೇಡ ಎಂದ. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈಯಿಂದ ಒಂದೇ ಸುತ್ತಿನಲ್ಲಿ ದುಂಡಗೆ ಬಳಿದ. ಅವಳು ಒಪ್ಪಿಕೊಂಡು ತಲೆಯಾಡಿಸುವಷ್ಟರಲ್ಲಿ ಒಂದು ಕಡ್ಡಿ ತೆಗೆದು ಹಸಿ ಬಣ್ಣದ ನಡುವೆ ನಾಲ್ಕು ಕಡೆ ತೊಗಟೆ ಕಾಣುವಂತೆ ಚುಚ್ಚಿಬಿಟ್ಟ. ಚುಕ್ಕಿ ಹೋಗಿ ಗುಂಡಿಯಾಯಿತು.

"ಇದೇನ್ರೀ, ಇಲಾಖೆಯ ಮರ ಇದು. ಅಂಗಿಯಲ್ಲ."

"ಇಷ್ಟು ದೊಡ್ಡ ಬೆಟ್ಟ. ಒಂದು ಗುಂಡಿಯಾದ್ರೂ ಇರಲಿ ಬಿಡು."

ಅಳಿಸಿ ಬಳಿಯಬೇಕೆಂದುಕೊಂಡಳು. ಬೆಳಕು ಇಳಿಯುತ್ತಿತ್ತು, ಮುಂದೆ ಇನ್ನೂ ಮೂವತ್ತು ಮರಗಳಿದ್ದವು. ಹಾಗೇ ಉಳಿಯಿತು.

ಹದಿನೈದನೆಯ ದಿನ ಅಧಿಕಾರಿ ಮೇಡಂ ಬೆಳಗಿನ ಬಸ್ಸು ಹತ್ತಿದರು. ಚುಕ್ಕಿಯಮ್ಮ ಜೊತೆಗೆ ಬರುತ್ತೇನೆಂದಳು. ಮೇಡಂ ಬೇಡವೆಂದರು. ನೀವು ಜೊತೆಗಿದ್ದರೆ ನಾನು ಚುಕ್ಕಿ ನೋಡುವುದಿಲ್ಲ, ನಿಮ್ಮನ್ನೇ ನೋಡುತ್ತೇನೆ ಎಂದು ಕಾರಣ ಕೊಟ್ಟರು. ಆ ಮಾತು ಎಲ್ಲೋ ಕೇಳಿದಂತಿದೆಯಲ್ಲ ಎಂದು ದರ್ಜಿ ಕಣ್ಣು ಮಿಟುಕಿಸಿದ.

ದಾರಿ ಮುಗಿಯುವಲ್ಲಿ, ಟಿಕೆಟ್ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಇಬ್ಬರೂ ಕೂತರು. ಸಾಧಾರಣ ನಡಿಗೆಗೆ ನಾಲ್ಕು ಗಂಟೆಯ ದಾರಿ. ದರ್ಜಿ ಯಾರದೋ ಚೀಲದ ಪಟ್ಟಿ ತಂದಿದ್ದ, ಹೊಲಿಯುತ್ತ ಕೂತ. ಚುಕ್ಕಿಯಮ್ಮ ಮನಸ್ಸಿನಲ್ಲೇ ಮೇಡಂ ಜೊತೆ ಇಳಿಯುತ್ತಿದ್ದಳು. ಈಗ ಹುಲ್ಲು ಮುಗಿಯಿತು. ಈಗ ಕುರಿದೊಡ್ಡಿಯ ಕವಲು. ಬಂಡೆಯ ಮೇಲೆ ಎರಡು ಚುಕ್ಕಿ ಇವೆ, ನೋಡಿರುತ್ತಾರೆ. ಈಗ ತೊರೆ. ನಾಲ್ಕು ಗಂಟೆ ಕಳೆಯಿತು. ಬರಲಿಲ್ಲ. ಐದು ಗಂಟೆ ಕಳೆಯಿತು. ದರ್ಜಿಯ ಸೂಜಿ ನಿಂತಿತು. ಒಂದು ಚುಕ್ಕಿ ತಪ್ಪಿದ್ದರೂ ಸಾಕು, ಎಂದು ಅವಳು ಯೋಚಿಸಿದಳು. ಇಷ್ಟು ವರ್ಷದ ದಾರಿ ಮುಚ್ಚಲು ಒಂದು ಕೆಂಪು ಪೆನ್ಸಿಲ್ಲು ಸಾಕು. ಅವನು ಅವಳ ಹಳದಿ ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡ.

ಐದೂಮುಕ್ಕಾಲು ಗಂಟೆ ಕಳೆದ ಮೇಲೆ ತಿರುವಿನಲ್ಲಿ ಮೇಡಂ ಕಾಣಿಸಿದರು. ಬರಿಗಾಲು. ಬೂಟುಗಳ ದಾರ ಗಂಟು ಹಾಕಿ ಹೆಗಲಿಗೆ ಇಳಿಬಿಟ್ಟಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಗಡಿಯಾರ ಕೈಯಲ್ಲಿರಲಿಲ್ಲ, ಜೇಬಿನಲ್ಲಿತ್ತು.

ದಾರಿ ತಪ್ಪಲಿಲ್ಲ, ಎಂದು ಅವರೇ ಮೊದಲು ಹೇಳಿದರು. ಎಲ್ಲೂ ತಪ್ಪಲಿಲ್ಲ. ಒರತೆಯ ಬಳಿ ಐದು ನಿಮಿಷ ಕೂರೋಣ ಎಂದುಕೊಂಡದ್ದು ಒಂದೂವರೆ ಗಂಟೆಯಾಯಿತು. ಜಿಂಕೆಯೊಂದು ಬಂದು ನೀರು ಕುಡಿದು ಹೋಗುವ ತನಕ ಅಲ್ಲಾಡಲು ಮನಸ್ಸು ಬರಲಿಲ್ಲ. ದಾರಿ ಇರಲಿ, ನಕ್ಷೆಯ ಕೆಂಪು ಗುರುತುಗಳನ್ನು ನಾಳೆಯೇ ಅಳಿಸುತ್ತೇನೆ. ಇಷ್ಟು ಹೇಳಿ ಬೆಂಚಿನ ಮೇಲೆ ಕೂತು, ಬೂಟು ಹಾಕಿಕೊಳ್ಳುತ್ತ ತಲೆ ಎತ್ತಿದರು.

"ಒಂದು ವಿಷಯ ಅಮ್ಮ. ಚುಕ್ಕಿ ಎಲ್ಲಾ ಒಂದೇ ಥರ ಇರ್ಬೇಕು ಅಂತ ನಿಯಮ ಇದೆ. ಒರತೆ ಕೆಳಗೆ ಒಂದು ಮರದ ಮೇಲೆ ಗುಂಡಿ ಇದೆ."

ಚುಕ್ಕಿಯಮ್ಮ ಗಂಡನ ಕಡೆ ನೋಡಿದಳು. ಅವನು ಆಕಾಶ ನೋಡುತ್ತಿದ್ದ.

"ನಾಳೆನೇ ಸರಿ ಮಾಡ್ತೀನಿ ಮೇಡಂ."

ಮೇಡಂ ದಾರ ಬಿಗಿದು ಎದ್ದರು. "ಬೇಡ. ಅಲ್ಲಿ ನಾನೊಬ್ಬಳೇ ನಿಂತು ಜೋರಾಗಿ ನಕ್ಕೆ. ಕಾಡಲ್ಲಿ ಒಬ್ಬೊಬ್ಬರೇ ನಗೋದು ಒಳ್ಳೇದು. ಅದನ್ನ ಹಾಗೇ ಬಿಡಿ."

ಈಗ ಪ್ರತಿ ಸೋಮವಾರ ದರ್ಜಿಯ ಅಂಗಡಿಗೆ ರಜೆ. ಬೆಳಗಿನ ಬಸ್ಸಿನಲ್ಲಿ ಇಬ್ಬರೂ ನೆತ್ತಿಗೆ ಹೋಗಿ ನಾಲ್ಕನೆಯ ದಾರಿಯಲ್ಲಿ ಇಳಿಯುತ್ತಾರೆ. ಕಂಡಕ್ಟರು ಈಗ ಕಣ್ಣು ಹೊಸಕಿಕೊಳ್ಳುವುದಿಲ್ಲ. ಹತ್ತುವುದು ತನ್ನ ಕೈಲಾಗದು ಎಂದು ದರ್ಜಿ ಈಗಲೂ ಹೇಳುತ್ತಾನೆ. ಆದರೆ ಮೂರನೆಯ ಸೋಮವಾರ, ತೊರೆ ದಾಟಿ ಅರ್ಧ ದಾರಿ ಇಳಿದ ಮೇಲೆ, ಅವನು ಇದ್ದಕ್ಕಿದ್ದಂತೆ ನಿಂತ.

"ನಿನ್ನ ಹಳೇ ಚುಕ್ಕಿಗಳನ್ನ ನಾನು ಸರಿಯಾಗಿ ನೋಡೇ ಇಲ್ಲ ಕಣೆ. ಅವೆಲ್ಲ ಹತ್ತೋರ ಕಡೆ ಮುಖ ಮಾಡಿವೆ."

ಹೇಳಿದವನು ತಿರುಗಿ ಬೆಟ್ಟದ ಕಡೆ ನಡೆಯತೊಡಗಿದ. ಮೊದಲ ಮರದವರೆಗೆ ಹತ್ತಿ, ಸೊಂಟಕ್ಕೆ ಕೈಯಿಟ್ಟು ಉಸಿರು ಬಿಟ್ಟು, ಚುಕ್ಕಿಯನ್ನು ಹೊಲಿಗೆ ಪರೀಕ್ಷಿಸುವವನಂತೆ ಬೆರಳಿಂದ ಸವರಿದ. ಹೂಂ ಎಂದ. ಎರಡನೆಯದು. ಹೂಂ ಎಂದ. ಮೂರನೆಯದನ್ನು ಮುಟ್ಟುವಷ್ಟರಲ್ಲಿ ಉಬ್ಬಸ ಬಂದಿತ್ತು, ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಕೆಳಗೆ ನಿಂತ ಚುಕ್ಕಿಯಮ್ಮ ಸಾಕು ಬನ್ನಿ ಎಂದು ಕೂಗಿದಳು. ಅವನು ಕೈಯೆತ್ತಿ, ಇರು ಎಂಬಂತೆ ಸನ್ನೆ ಮಾಡಿ, ನಾಲ್ಕನೆಯ ಮರದ ಕಡೆ ಹೆಜ್ಜೆ ಇಟ್ಟ.

ಅವಳು ಬುತ್ತಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಅವನ ಹಿಂದೆ ಹತ್ತಿದಳು.